ಲಾಂಚ್ ಮೇಲೆ ತಪ್ಪಿದ ಚಿತ್ರ: ಫೋನ್, ಡಿಎಸ್‌ಎಲ್‌ಆರ್, ಜೇಬಿನ ಕ್ಯಾಮೆರಾ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೇಬಿನ ಕ್ಯಾಮೆರಾಕ್ಕೆ. ಹೋದ ವರ್ಷ ಆಗಸ್ಟ್ ಕೊನೆಗೆ ರಿಕೋ ಜಿಆರ್ 3 ಎಂಬ ಅಂಥದೊಂದು ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. 58,000 ರೂಪಾಯಿ. ಬೀರುವಿನ ಮೇಲೆ ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ ಇದೆ, ಕೈಯಲ್ಲಿ ಒಳ್ಳೆಯ ಫೋನ್ ಇದೆ, ಮತ್ತೆ ಇದ್ಯಾಕೆ ಅಂತ ಮನೆಯಲ್ಲೂ ಕೇಳಿದರು, ಆಫೀಸಿನಲ್ಲೂ ಕೇಳಿದರು. ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಒಂದು ಅಡಿಕೆ ಸುಗ್ಗಿ ಮುಗಿಯುವಷ್ಟು ಕಾಲ ಮೂರನ್ನೂ ಬಳಸಿದ್ದೇನೆ.

ನಮ್ಮ ಮನೆ ಹೊಳೆಯಾಚೆ, ತುಮರಿ ಕಡೆ. ಕೆಲಸ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿಕೊಂಡ ಮೇಲೆ ನಮ್ಮ ಭಾಗ ಒಂದು ಥರ ದ್ವೀಪವೇ ಆಗಿಹೋಯಿತು. ಆಗ ಸಾಗರಕ್ಕೆ ಹತ್ತಿರದ ದಾರಿ ಎಂದರೆ ಹೊಳೆಬಾಗಿಲಿನ ಲಾಂಚ್, ಅಂದರೆ ವಾಹನಗಳನ್ನೂ ಹೊತ್ತು ಹಿನ್ನೀರು ದಾಟಿಸುವ ದೊಡ್ಡ ದೋಣಿ. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೋಗುವ ಭಕ್ತರು, ಶಾಲೆ ಮಕ್ಕಳು, ಎಲ್ಲರೂ ಒಂದೇ ಕಬ್ಬಿಣದ ಹಾಸಿನ ಮೇಲೆ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದ. ಈಗ ಬಸ್ಸಿನಲ್ಲಿ ಕೂತಲ್ಲೇ ದಾಟುತ್ತೇವೆ. ಆ ಸೇತುವೆ ನಮಗೆ ಬೇಕೇ ಬೇಕಿತ್ತು. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಏನು ಪಾಡು ಎಂದು ಹೊಳೆಯಾಚೆಯವರನ್ನು ಯಾರೂ ಹೊಸದಾಗಿ ಕೇಳಬೇಕಿಲ್ಲ.

ಆದರೆ ಅಷ್ಟು ವರ್ಷ ಆ ಹಾಸಿನ ಮೇಲೆ ನಿಂತು ಹೋಗಿಬಂದ ನನ್ನ ಹತ್ತಿರ ಲಾಂಚಿನ ಚಿತ್ರ ಎಂದು ತೋರಿಸುವಂಥವು ಹತ್ತೂ ಇಲ್ಲ. ದಿನಾ ಕಾಣುವುದು ತಾನೇ, ನಾಳೆ ತೆಗೆದರಾಯಿತು ಅಂದುಕೊಂಡೇ ವರ್ಷಗಳು ಹೋದವು. ಸೇತುವೆಯ ಕಂಬಗಳು ನೀರಿನಿಂದ ಮೇಲೆ ಬರುತ್ತಾ ಹೋದ ಹಾಗೆ ತವಕ ಶುರುವಾಯಿತು.

ಹೋದ ವರ್ಷ ಜೂನ್ ತಿಂಗಳು, ಸಂಜೆಯ ಕೊನೆಯ ಲಾಂಚ್. ಜಿಟಿಜಿಟಿ ಮಳೆ. ಪಡುವಣದಲ್ಲಿ ಮೋಡದ ಅಂಚು ಸೀಳಿ ಬಿಸಿಲು ಅಡ್ಡಡ್ಡ ಬಿದ್ದು, ಮಳೆಯ ಒಂದೊಂದು ಎಳೆಯೂ ಹೊಳೆಯುತ್ತಿತ್ತು. ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗ ಮೊಣಕೈ ತನಕ ಕೈ ಹೊರಗೆ ಹಾಕಿ ಹನಿ ಹಿಡಿಯುತ್ತಿದ್ದ. ಕೆಳಗೆ ನಿಂತಿದ್ದ ಅಜ್ಜಿಯೊಬ್ಬರ ಕೊಡೆ ಗಾಳಿಗೆ ಉಲ್ಟಾ ಮಗುಚಿಕೊಂಡಿತು. ಅವರು ಅದನ್ನು ಸರಿ ಮಾಡಿಕೊಳ್ಳಲಿಲ್ಲ. ಮಗುಚಿದ ಕೊಡೆಯನ್ನು ಹಾಗೇ ಬೋಗುಣಿಯ ಹಾಗೆ ಎತ್ತಿ ಹುಡುಗನ ಕೈಯ ಕೆಳಗೆ ಹಿಡಿದರು. ತಲೆ ಮೇಲೆ ಮಳೆ ಸುರಿಯುತ್ತಿದೆ, ಬಾಯಿ ತುಂಬ ನಗುತ್ತಿದ್ದಾರೆ, ಹುಡುಗನೂ ನಗುತ್ತಿದ್ದಾನೆ, ಹಿಂದೆ ಮುಗಿಯುತ್ತಾ ಬಂದ ಸೇತುವೆ.

ನಾನು ಅವರಿಂದ ಮೂರು ಮಾರು ದೂರದಲ್ಲಿದ್ದೆ. ಫೋನ್ ರೇನ್‌ಕೋಟಿನ ಒಳಜೇಬಿನಲ್ಲಿ.

ಅಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಇಡೀ ತೀರ್ಮಾನ ನಿಂತಿರುವುದು ಅದರ ಮೇಲೆ. ಫೋನ್ ಹೊರಗೆ ತೆಗೆದೆ. ಒದ್ದೆ ಹೆಬ್ಬೆರಳಿನ ಗುರುತು ಅದಕ್ಕೆ ಹತ್ತಲಿಲ್ಲ. ಲಾಕ್ ತೆಗೆಯದೆಯೂ ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುತ್ತದಲ್ಲ, ಅದನ್ನೇ ಮಾಡಿದೆ. ಎರಡು ಒತ್ತಿನ ನಡುವೆ ಬಿಡುವು ಚೂರು ಹೆಚ್ಚಾಯಿತು ಎಂದು ಕಾಣುತ್ತದೆ, ಮೊದಲ ಒತ್ತಿಗೆ ಪರದೆ ಹೊತ್ತಿಕೊಂಡಿತು, ಎರಡನೆಯದಕ್ಕೆ ಆರಿತು. ಗಡಿಬಿಡಿಯಲ್ಲಿ ಮತ್ತೆ ಒತ್ತಿದೆ, ಪಟಪಟನೆ, ಎಷ್ಟು ಸಲ ಎಂಬ ಲೆಕ್ಕವಿಲ್ಲದೆ.

ಈಗಿನ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದೇ ಬಟನ್ನನ್ನು ಬೇಗಬೇಗ ಐದು ಸಲ ಒತ್ತಿದರೆ ತುರ್ತು ಕರೆಯ ಎಣಿಕೆ ಶುರುವಾಗುತ್ತದೆ. ಪರದೆ ಕೆಂಪಾಗಿ ಫೋನ್ ಜೋರಾಗಿ ಕೂಗತೊಡಗಿತು. ಲಾಂಚಿನಲ್ಲಿದ್ದವರೆಲ್ಲ ತಿರುಗಿದರು. ಅಜ್ಜಿಯೂ ತಿರುಗಿದರು. ಕೂಗು ನಿಲ್ಲಿಸಲು ಪರದೆಯ ಮೇಲೆ ಬೆರಳು ಎಳೆಯಬೇಕು. ಗಾಜಿನ ಮೇಲೆ ಮಳೆಹನಿ, ಬೆರಳು ಒದ್ದೆ, ಎಳೆದದ್ದು ಅದಕ್ಕೆ ತಿಳಿಯಲೇ ಇಲ್ಲ. ಅಂಗಿಯ ಒಳಗೆ ಕೈ ಹಾಕಿ ಒರೆಸಿಕೊಂಡು ಅಂತೂ ನಿಲ್ಲಿಸಿದೆ. ಕೊನೆಗೆ ಕ್ಯಾಮೆರಾ ತೆರೆದಾಗ ಅದು ವಿಡಿಯೋದಲ್ಲಿತ್ತು, ಹಿಂದಿನ ದಿನ ಹಾಗೇ ಬಿಟ್ಟಿದ್ದೆ. ಫೋಟೋಗೆ ತಿರುಗಿಸಿ ಎತ್ತಿ ನೋಡುವಾಗ ಅಜ್ಜಿ ಕೊಡೆ ಸರಿ ಮಾಡಿಕೊಂಡು, ನನಗೇನಾಯಿತೋ ಎಂದು ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದರು. ಹುಡುಗನ ಕೈ ಒಳಗೆ ಹೋಗಿತ್ತು. ಬಿಸಿಲು ಮಾತ್ರ ಇನ್ನೂ ಇತ್ತು.

ಮನೆಗೆ ಬಂದು ಆ ರಾತ್ರಿಯೇ ಸೆಟ್ಟಿಂಗ್ಸ್ ತೆರೆದು ಕೂತೆ. ಪ್ರತಿ ಸಲ ಫೋಟೋದಲ್ಲೇ ತೆರೆಯುವ ಹಾಗೆ ಮಾಡಿದೆ. ವಾಲ್ಯೂಮ್ ಬಟನ್ ಒತ್ತಿದರೆ ಕ್ಲಿಕ್ ಆಗುವ ಹಾಗೆ ಮಾಡಿದೆ, ಪರದೆ ಮುಟ್ಟುವ ಗೋಜೇ ಬೇಡ ಅಂತ. ತುರ್ತು ಕರೆಯನ್ನು ತೆಗೆದುಹಾಕಲು ಮನಸ್ಸು ಬರಲಿಲ್ಲ, ಸಿಗ್ನಲ್ಲೇ ಕಷ್ಟವಿರುವ ನಮ್ಮ ಕಡೆ ಅಂಥದೊಂದು ಸೌಲಭ್ಯ ಇರಲಿ ಅನ್ನಿಸಿತು. ಇಷ್ಟೆಲ್ಲ ಮಾಡಿದ ಮೇಲೆ ಒಣ ಕೈಯಲ್ಲಿ ಜೇಬಿನಿಂದ ಕ್ಲಿಕ್ಕಿನ ತನಕ ನಾಲ್ಕು ಸೆಕೆಂಡು. ಒದ್ದೆ ಕೈಯಲ್ಲಿ ಒಂದು ದಿನ ಆರು, ಒಂದು ದಿನ ಹತ್ತು. ಮಲೆನಾಡಿನ ಮಳೆಗಾಲದಲ್ಲಿ ಕೈ ಒಣಗಿರುವ ಹೊತ್ತು ಎಷ್ಟು?

ಫೋನಿನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕ್ಯಾಮೆರಾ ಆ್ಯಪ್ ತೆರೆದಿದ್ದರೆ ಅದು ನಾವು ಒತ್ತುವ ಮೊದಲಿನಿಂದಲೇ ಚಿತ್ರಗಳನ್ನು ನೆನಪಿನಲ್ಲಿ ಹಿಡಿಯುತ್ತಾ ಇರುತ್ತದೆ, ಹಾಗಾಗಿ ಹಗಲಿನಲ್ಲಿ ಒತ್ತಿದ ಗಳಿಗೆಯೇ ಸಿಗುತ್ತದೆ. ತೆರೆದೇ ಹಿಡಿದುಕೊಂಡು ಕಾಯುವ ಕೆಲಸಕ್ಕೆ, ಅಂದರೆ ಮದುವೆಮನೆ, ಆರತಕ್ಷತೆಗೆಲ್ಲ ಅದು ಸಾಕು. ಸಂಜೆಗತ್ತಲಾದರೆ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಒಂದು ಮಾಡುತ್ತದೆ. ಗೋಡೆ, ಮರ, ದೀಪ ಚೆನ್ನಾಗಿ ಬರುತ್ತವೆ. ಅಲುಗುವ ಕೈ, ತಿರುಗುವ ಮುಖ ಕಲಸಿಹೋಗುತ್ತವೆ. ನನಗೆ ಬೇಕಾದದ್ದು ಯಾವಾಗಲೂ ಅಲುಗುವುದೇ.

ಇನ್ನು ಡಿಎಸ್‌ಎಲ್‌ಆರ್. ಕುತ್ತಿಗೆಯಲ್ಲಿ ತೂಗುತ್ತಿದ್ದರೆ ಮೂರರಲ್ಲಿ ಅತಿ ಬೇಗದ್ದು ಅದೇ. ಸ್ವಿಚ್ ಒತ್ತಿ ಕಣ್ಣಿಗೆ ಹಿಡಿಯುವಷ್ಟರಲ್ಲಿ ಸಿದ್ಧ. ಕಷ್ಟ ಏನೆಂದರೆ ಅದು ಕುತ್ತಿಗೆಯಲ್ಲಿ ಇರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಲೆನ್ಸಿಗೆ ಹಿಡಿಯದೆ ಇರುತ್ತದೆಯೇ? ಒಂದು ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡ ಮೇಲೆ ಅದನ್ನು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ ಬೀರುವಿನ ಮೇಲಿಟ್ಟಿದ್ದೇನೆ. ಒಂದು ಚಿತ್ರಕ್ಕಾಗಿ ಸ್ಟೂಲ್ ಹಾಕಿ, ಡಬ್ಬಿ ಇಳಿಸಿ, ಮುಚ್ಚಳ ಬಿಚ್ಚಿ ತರುವುದರೊಳಗೆ ಅಂಗಳಕ್ಕೆ ಬಂದ ನವಿಲು ತೋಟ ದಾಟಿರುತ್ತದೆ. ಲೆನ್ಸ್ ಸೇರಿ ಮುಕ್ಕಾಲು ಕೇಜಿಯ ಹತ್ತಿರ ಬರುವ ಅದನ್ನು ಊಟದ ಡಬ್ಬಿ, ಕೊಡೆ, ಫೈಲುಗಳ ಚೀಲದಲ್ಲಿ ದಿನಾ ಹೊರಲು ಎರಡು ವಾರ ಪ್ರಯತ್ನಪಟ್ಟೆ. ಆಗಲಿಲ್ಲ.

ಇನ್ನೊಂದು, ಜನ. ದೊಡ್ಡ ಕ್ಯಾಮೆರಾ ಎತ್ತಿದ ಕೂಡಲೇ ಕವಳ ಹಾಕುತ್ತಿದ್ದವರು ಬಾಯಿ ಒರೆಸಿಕೊಂಡು ನೆಟ್ಟಗೆ ಕೂರುತ್ತಾರೆ. ಪೇಪರಿನವರಾ ಅಂತ ಕೇಳುತ್ತಾರೆ.

ಹಕ್ಕಿಗಳಿಗೆ, ದೂರದಿಂದ ತೆಗೆಯಬೇಕಾದ ಯಕ್ಷಗಾನಕ್ಕೆ, ಟೆಲಿ ಲೆನ್ಸ್ ಇರುವ ಡಿಎಸ್‌ಎಲ್‌ಆರ್ ಬೇಕು. ಅಲ್ಲಿ ಉಳಿದೆರಡು ಲೆಕ್ಕಕ್ಕಿಲ್ಲ.

ಜಿಆರ್ 3 ಹೊಸ ಮಾಡೆಲ್ ಏನಲ್ಲ, 2019ರದ್ದು. ಇದರ ಮುಂದಿನದು 2025ರಲ್ಲಿ ಬಂತು, ಬೆಲೆ ನನ್ನ ಕೈಗೆ ನಿಲುಕುವುದಲ್ಲ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಅಂಗಿ ಜೇಬಿಗೆ ಭಾರ, ಪ್ಯಾಂಟಿನ ಜೇಬಿಗೆ ಸರಿ. ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರ್ ಬಹಳಷ್ಟು ಡಿಎಸ್‌ಎಲ್‌ಆರ್‌ಗಳಲ್ಲಿರುವಷ್ಟೇ ದೊಡ್ಡದು. ಆದರೆ ನಾನು ಕೊಂಡದ್ದು ಅದಕ್ಕಲ್ಲ, ಸ್ನ್ಯಾಪ್ ಫೋಕಸ್ ಎಂಬ ಒಂದೇ ಒಂದು ಸೌಲಭ್ಯಕ್ಕೆ.

ಮಾಮೂಲಿ ಕ್ಯಾಮೆರಾದಲ್ಲಿ ಬಟನ್ ಅರ್ಧ ಒತ್ತಿ ಫೋಕಸ್ ಆಗುವ ತನಕ ಕಾಯಬೇಕು. ಇದರಲ್ಲಿ ದೂರವನ್ನು ಮೊದಲೇ ಹೇಳಿಟ್ಟಿರಬಹುದು. 1 ಮೀಟರ್, 1.5, 2, 2.5, ಹೀಗೆ. ಬಟನ್ನನ್ನು ತಡೆಯದೆ ಪೂರ್ತಿ ಒತ್ತಿಬಿಟ್ಟರೆ ಅದು ಹುಡುಕಾಡಲು ಹೋಗುವುದಿಲ್ಲ, ಹೇಳಿಟ್ಟ ದೂರಕ್ಕೇ ಹಿಡಿಯುತ್ತದೆ. ನಾನು 2.5 ಮೀಟರ್ ಇಟ್ಟು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 8ಕ್ಕೆ ಕಿರಿದು ಮಾಡಿಟ್ಟಿದ್ದೇನೆ. ಇಷ್ಟು ಅಗಲ ನೋಟದ ಲೆನ್ಸಿನಲ್ಲಿ ಆ ಲೆಕ್ಕಕ್ಕೆ ಸುಮಾರು ಒಂದೂಕಾಲು ಮೀಟರಿನಿಂದ ಆಚೆಗೆ ಕಾಣುವಷ್ಟು ದೂರದ ತನಕ ಎಲ್ಲವೂ ಸ್ಪಷ್ಟ. ಕೈ ಜೇಬಿಗೆ ಹೋಗುತ್ತದೆ, ಹೊರಗೆ ಬರುವಷ್ಟರಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ಬಟನ್ ಎಲ್ಲಿದೆ ಎಂದು ಗೊತ್ತಿರುತ್ತದೆ. ಆನ್ ಆಗಿ ಲೆನ್ಸ್ ಹೊರಬರಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ಜೇಬಿನಿಂದ ಕ್ಲಿಕ್ಕಿಗೆ ಎರಡು ಸೆಕೆಂಡು. ಲಾಕ್ ಇಲ್ಲ, ಗುರುತು ಕೇಳುವುದಿಲ್ಲ, ಮಧ್ಯೆ ಯಾರ ಕರೆಯೂ ಬರುವುದಿಲ್ಲ. ಬೆರಳು ಒದ್ದೆಯಾದರೂ ಬಟನ್ ಬಟನ್ನೇ.

ಡಿಸೆಂಬರಿನಲ್ಲಿ ಒಂದು ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ಸೇರಿದ್ದರು. ಒಂದೇ ಬಲ್ಬು. ಅಪ್ಪ ಮೆಟ್ಟುಗತ್ತಿಯ ಮೇಲೆ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಸುಲಿಯುತ್ತಿದ್ದರು. ಅಪ್ಪನಿಗೆ ಫೋಟೋ ಎಂದರೆ ಆಗುವುದಿಲ್ಲ, ಫೋನ್ ಕಂಡರೆ ಮುಖ ತಿರುಗಿಸುತ್ತಾರೆ. ಯಾರೋ ಹಳೆಯ ಲಾಂಚ್ ಕೆಟ್ಟು ನಡುನೀರಿನಲ್ಲಿ ನಿಂತಿದ್ದ ಕತೆ ತೆಗೆದರು. ಅಪ್ಪ ತಲೆ ಎತ್ತಿ, ಕೈಯಲ್ಲಿ ಅರ್ಧ ಸುಲಿದ ಅಡಿಕೆ ಹಿಡಿದುಕೊಂಡೇ ನಕ್ಕರು. ನಾನು ಅಷ್ಟು ಹೊತ್ತಿಗೆ 1.5 ಮೀಟರ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎತ್ತಿದೆ, ಒತ್ತಿದೆ. ಸ್ವಲ್ಪ ಓರೆಯಾಗಿದೆ, ಬೆಳಕು ಸಾಲದೆ ಚಿತ್ರ ಕಾಳುಕಾಳಾಗಿದೆ, ಪಕ್ಕದ ಮನೆಯವರ ಅರ್ಧ ಮುಖ ಕತ್ತರಿಸಿಹೋಗಿದೆ. ಅಪ್ಪನ ಹಲ್ಲಿನ ಸಂದಿ ಮಾತ್ರ ಸ್ಪಷ್ಟವಾಗಿ ಬಂದಿದೆ. ಅಪ್ಪ ನಗುವ ಚಿತ್ರ ನಮ್ಮ ಮನೆಯಲ್ಲಿ ಅದೊಂದೇ.

ಇದಕ್ಕೆ ಕೊರತೆಗಳಿಲ್ಲ ಎಂದಲ್ಲ. ಝೂಮ್ ಇಲ್ಲವೇ ಇಲ್ಲ, ಹತ್ತಿರ ಹೋಗಬೇಕು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವ ಗಳಿಗೆ ಸಿಕ್ಕಿತು, ಆದರೆ ಚಿತ್ರದಲ್ಲಿ ಅವನು ಕಡ್ಡಿಯಷ್ಟೇ ಕಾಣುತ್ತಾನೆ, ಬಾಗಿದ ಮರಗಳೇ ಹೆಚ್ಚು. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಫ್ಲ್ಯಾಶ್ ಇಲ್ಲ. ಬ್ಯಾಟರಿ ಒಂದು ಚಾರ್ಜಿಗೆ 200 ಚಿತ್ರ ಎಂದು ಕಂಪನಿಯೇ ಹೇಳುತ್ತದೆ, ಇನ್ನೊಂದು ಜೊತೆಗಿರಬೇಕು. ನೀರು, ಧೂಳು ತಡೆಯುವ ಸೀಲ್ ಇಲ್ಲ. ಆಫೀಸಿಗೆ ಹೋಗುವಾಗ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿಗಿಡುತ್ತೇನೆ, ಜೋರು ಮಳೆಯಲ್ಲಿ ಹೊರಗೆ ತೆಗೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಯಾವುದನ್ನೇ ಕೊಳ್ಳುವುದಿದ್ದರೂ ಅಪರ್ಚರ್ ಎಫ್ 16 ಮಾಡಿ ಬರೀ ಆಕಾಶದ ಒಂದು ಚಿತ್ರ ತೆಗೆದು ನೋಡಿ, ಸೆನ್ಸರ್ ಮೇಲೆ ಧೂಳಿದ್ದರೆ ಮಸುಕು ಚುಕ್ಕೆಗಳಾಗಿ ಕಾಣುತ್ತದೆ. ನಾನು ಹಾಗೆ ನೋಡಿಯೇ ದುಡ್ಡು ಕೊಟ್ಟದ್ದು.

58,000 ಸಣ್ಣ ಮೊತ್ತವಲ್ಲ. ಎರಡು ವರ್ಷದ ಉಳಿತಾಯ. ಫೋನನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವವರು ಆ ದುಡ್ಡನ್ನು ಇನ್ನೂ ಒಳ್ಳೆಯ ಫೋನಿಗೆ ಹಾಕಬಹುದು, ಮಾಡಿದ್ದು ತಪ್ಪು ಎನ್ನುವುದಿಲ್ಲ. ನಾನು ಫೋನನ್ನು ಸಾಯುವ ತನಕ ಬಳಸುವವನು. ದಿನಾ ಎರಡು ಸಲ ಬಸ್ಸು ಹತ್ತಿ ಇಳಿಯುವವನು, ಚಿತ್ರ ತೆಗೆಯಲೆಂದೇ ಬೇರೆ ಹೊತ್ತು ಇಲ್ಲದವನು. ನನಗೆ ಸಿಗುವ ಚಿತ್ರಗಳೆಲ್ಲ ಬೇರೆ ಏನೋ ಮಾಡುತ್ತಿರುವಾಗಲೇ ಸಿಗಬೇಕು. ಡಿಎಸ್‌ಎಲ್‌ಆರ್ ಮಾರಿಲ್ಲ, ಮಾರುವುದೂ ಇಲ್ಲ. ಫೋನ್ ವಾಟ್ಸಾಪಿಗೆ ಕಳಿಸುವ ಬಿಲ್ಲು, ಪಹಣಿ, ಔಷಧಿ ಚೀಟಿಗಳಿಗೆ.

ಹೋದ ತಿಂಗಳು ಆ ಅಜ್ಜಿ ಬಸ್ಸಿನಲ್ಲಿ ಸಿಕ್ಕಿದರು. ನನ್ನ ಎದುರಿನ ಸೀಟು. ಫೋನ್ ಕೂಗಿದ ದಿನ ಅವರಿಗೂ ನೆನಪಿತ್ತು, ಅವತ್ತು ಯಾರಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಿದರು. ನಡೆದದ್ದನ್ನು ಹೇಳಿದೆ. ಹಾಗಾದರೆ ಈಗ ತೆಗಿ ಎಂದು ಸೆರಗು ಸರಿಮಾಡಿಕೊಂಡು ಕೂತರು, ತೆಗೆದೆ. ಬಸ್ಸು ಸೇತುವೆ ಹತ್ತಿತು. ಅವರು ನನ್ನನ್ನು ಮರೆತು ಕಿಟಕಿಯಿಂದ ಕೆಳಗೆ, ಹಳೆಯ ಲಾಂಚ್ ದಡದ ಕಡೆ ಕುತ್ತಿಗೆ ಚಾಚಿ ನೋಡಿದರು. ಆಗ ಇನ್ನೊಂದು ತೆಗೆದೆ. ಎರಡನ್ನೂ ಪ್ರಿಂಟ್ ಹಾಕಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಮುಂದಿನ ಸಲ ಸಿಕ್ಕಾಗ ಕೊಡಬೇಕು. ಕೊಡೆ ಮಡಿಚಿ ಕಾಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದಾರೆ, ಎರಡರಲ್ಲೂ ಕಾಣುತ್ತದೆ.