ಮಿಸೌರಿಯಲ್ಲಿ ಮೂರು ದಿನಗಳ ಟರ್ಕಿ ಬೇಟೆ: ಕಾಡಿಗಿಂತ ಅಡುಗೆಮನೆಗೆ ಹೆಚ್ಚು ಅಂಕ

ಕಳೆದ ಏಪ್ರಿಲ್ ಕೊನೆಯ ವಾರದಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಓಜಾರ್ಕ್ ಗುಡ್ಡಸಾಲಿನ ಖಾಸಗಿ ಜಮೀನೊಂದರಲ್ಲಿ ಕಾಡು ಟರ್ಕಿ ಎಂಬ, ಕೋಳಿಯನ್ನು ಹೋಲುವ ದೊಡ್ಡ ಹಕ್ಕಿಯ ಬೇಟೆಯನ್ನು ಏರ್ಪಡಿಸುವ ಸಂಸ್ಥೆಯೊಂದರ ಮೂರು ದಿನಗಳ ಸೇವೆಯನ್ನು ನಾನು ಪಡೆದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವ ಎರಡು ಆಕ್ಷೇಪಗಳು, ಇಂಥ ಸೇವೆಗೆ ಹಣ ಕೊಡುವ ಯಾರಿಗಾದರೂ ಎಲ್ಲಿಯಾದರೂ ಎದುರಾಗಬಹುದಾದವು. ಶುಲ್ಕ 1,800 ಡಾಲರ್. ಎರಡು ರಾತ್ರಿಯ ವಸತಿ, ಊಟ, ಜೊತೆಗೊಬ್ಬ ಮಾರ್ಗದರ್ಶಿ, ಹೊಡೆದ ಹಕ್ಕಿಯನ್ನು ಶುಚಿಮಾಡಿ ಪ್ಯಾಕ್ ಮಾಡಿಕೊಡುವ ವ್ಯವಸ್ಥೆ ಮತ್ತು ಕೊನೆಯ ಸಂಜೆ ಒಂದು ಅಡುಗೆ ಪಾಠ ಅದರಲ್ಲಿ ಸೇರಿದ್ದವು. ಬೇಟೆಯ ಪರವಾನಗಿಯನ್ನು ಮಾತ್ರ ರಾಜ್ಯದ ಸಂರಕ್ಷಣಾ ಇಲಾಖೆಯಿಂದ ನಾವೇ ಪ್ರತ್ಯೇಕವಾಗಿ ಪಡೆಯಬೇಕು. 1967ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಪರವಾನಗಿ ಪಡೆಯಲು ಸಾಮಾನ್ಯವಾಗಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಹೊಂದಿರಬೇಕೆಂಬುದು ಅಲ್ಲಿನ ನಿಯಮ. ಮುಂಗಡ ತೆಗೆದುಕೊಳ್ಳುವ ಮೊದಲೇ ಸಂಸ್ಥೆಯವರು ನನ್ನ ಪ್ರಮಾಣಪತ್ರವನ್ನು ಕೇಳಿ ನೋಡಿದ್ದು ನನಗೆ ಹಿಡಿಸಿತು.

ತಲುಪಿದ ಮಧ್ಯಾಹ್ನ ಮೊದಲು ನಡೆದದ್ದು ನಿಯಮಗಳ ವಿವರಣೆ. ವಸಂತದ ಬೇಟೆಯಲ್ಲಿ ಗಂಡು ಹಕ್ಕಿಯನ್ನು, ಅಥವಾ ಎದೆಯಿಂದ ಜೋಲುವ ಕೂದಲಿನಂಥ ಗಡ್ಡ ಕಣ್ಣಿಗೆ ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಮೊದಲ ವಾರದಲ್ಲಿ ಒಬ್ಬರಿಗೆ ಒಂದೇ ಹಕ್ಕಿ. ಕೋವಿಯ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ನಾಲ್ಕನೆಯ ನಂಬರಿಗಿಂತ ದಪ್ಪವಿರಕೂಡದು. ಕಾಳು ಚೆಲ್ಲಿ ಹಕ್ಕಿಯನ್ನು ಸೆಳೆಯುವಂತಿಲ್ಲ. ಇವೆಲ್ಲ ಏಕೆ ಎಂಬುದನ್ನೂ ಸಂಸ್ಥೆಯ ಯಜಮಾನರು ಹೇಳಿದರು. ಹಕ್ಕಿಗಳ ಸಂಖ್ಯೆ ತೀರಾ ಕುಸಿದಿದ್ದರಿಂದ 1937ರಲ್ಲಿ ಮಿಸೌರಿ ಟರ್ಕಿ ಬೇಟೆಯನ್ನೇ ನಿಲ್ಲಿಸಿತ್ತು. ಗೂಡುಗಳಲ್ಲಿ ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರೆ ಅವು ಬದುಕಲಿಲ್ಲ. ಕೊನೆಗೆ ಕಾಡಿನ ಹಕ್ಕಿಗಳನ್ನೇ ಬಲೆಯಲ್ಲಿ ಹಿಡಿದು ಬರಿದಾಗಿದ್ದ ಕಾಡುಗಳಿಗೆ ಬಿಟ್ಟ ಮೇಲೆ ಸಂತತಿ ಚೇತರಿಸಿಕೊಂಡು, 1960ರಲ್ಲಿ ವಸಂತದ ಬೇಟೆ ಮತ್ತೆ ಆರಂಭವಾಯಿತು. ಬೇಟೆಗೆ ಕರೆದೊಯ್ಯುವವರು ಇಷ್ಟನ್ನು ಹೇಳುವ ತಾಳ್ಮೆ ತೋರಿದರೆ ನಿಯಮಗಳು ಕಿರಿಕಿರಿ ಎನಿಸುವುದಿಲ್ಲ.

ಆಮೇಲೆ ಕೋವಿಯ ಪರೀಕ್ಷೆ ನಡೆಯಿತು. ನಲವತ್ತು ಗಜ ದೂರದಲ್ಲಿ ಟರ್ಕಿಯ ತಲೆ ಮತ್ತು ಕತ್ತಿನ ಚಿತ್ರವಿರುವ ಕಾಗದವನ್ನು ನಿಲ್ಲಿಸಿ, ಪ್ರತಿಯೊಬ್ಬರಿಂದಲೂ ಈಡು ಹೊಡೆಸಿ, ಕತ್ತಿಗೆ ಎಷ್ಟು ಚರೆ ತಾಗಿದೆ ಎಂದು ಎಣಿಸಿದರು. ಟರ್ಕಿಯ ಮೈಗೆ ಹೊಡೆಯುವುದು ಸಲ್ಲದು. ದಪ್ಪ ರೆಕ್ಕೆಗಳೂ ಎದೆಯ ಸ್ನಾಯುವೂ ಚರೆಯನ್ನು ತಡೆದು, ಹಕ್ಕಿ ಗಾಯಗೊಂಡು ಓಡಿಹೋಗುತ್ತದೆ, ಮಾಂಸವೂ ಕೆಡುತ್ತದೆ. ಸಂಸ್ಥೆಯವರು ಕೊಟ್ಟದ್ದು ಟಂಗ್‌ಸ್ಟನ್ ಚರೆಯ ತೋಟಾಗಳು. ಸೀಸಕ್ಕಿಂತ ಅದು ಬಹಳ ಸಾಂದ್ರವಾಗಿರುವುದರಿಂದ ಸಣ್ಣ ಚರೆಯೂ ಆಳಕ್ಕೆ ಇಳಿಯುತ್ತದೆ. ಬೆಲೆ ದುಬಾರಿ. ಆದರೆ ತಿನ್ನುವ ಮಾಂಸದಲ್ಲಿ ಸೀಸ ಉಳಿಯುವ ಭಯವಿಲ್ಲ ಎಂಬ ಕಾರಣಕ್ಕೆ ನಾನು ಆ ಬೆಲೆಯನ್ನು ಒಪ್ಪುತ್ತೇನೆ.

ಮೊದಲ ಬೆಳಗಿನ ಅನುಭವ ಮಾತ್ರ ನಿರಾಸೆಯದು. ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ನಾವು ಓಕ್ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆವು. ಬೆನ್ನ ಹಿಂದಿನ ಮರ ಹೆಗಲಿಗಿಂತ ಅಗಲವಾಗಿರಬೇಕೆಂಬುದು ಬೇಟೆ ಶಿಕ್ಷಣದ ಮೊದಲ ಪಾಠಗಳಲ್ಲೊಂದು. ದೂರದಲ್ಲಿ ಗೂಬೆಯೊಂದು ಕೂಗಿದ ಕೂಡಲೇ ಮರದ ಮೇಲೆ ರಾತ್ರಿ ಕಳೆದಿದ್ದ ಗಂಡು ಟರ್ಕಿ ಗುಡುಗಿದಂತೆ ಉತ್ತರ ಕೊಟ್ಟಿತು. ಅಷ್ಟಕ್ಕೇ ನಮ್ಮ ಮಾರ್ಗದರ್ಶಿಗೆ ಉತ್ಸಾಹ ತಡೆಯಲಾಗಲಿಲ್ಲ. ಸೀಮೆಸುಣ್ಣ ಹಚ್ಚಿದ ಮರದ ಪೆಟ್ಟಿಗೆಯನ್ನು ಉಜ್ಜಿ ಉಜ್ಜಿ ಹೆಣ್ಣಿನ ಕೂಗನ್ನು ಎಬ್ಬಿಸುತ್ತಲೇ ಹೋದರು. ಸಹಜವಾಗಿ ಹೆಣ್ಣು ಟರ್ಕಿಯೇ ಗಂಡಿರುವಲ್ಲಿಗೆ ನಡೆದು ಹೋಗುತ್ತದೆ. ಗಂಡು ಕುಣಿಯುತ್ತ ಕಾಯುತ್ತದೆ. ಬೇಟೆಗಾರ ಆ ಕ್ರಮವನ್ನು ತಿರುಗಿಸಿ, ಗಂಡೇ ಎದ್ದು ಬರುವಂತೆ ಮಾಡಬೇಕು. ಅತಿಯಾಗಿ ಕರೆದರೆ ಅದು ನಿಂತಲ್ಲೇ ನಿಂತು, ಹೆಣ್ಣು ಹೇಗೂ ಬರುತ್ತಿದೆ ಎಂದುಕೊಳ್ಳುತ್ತದೆ. ನಮ್ಮ ಹಕ್ಕಿಯೂ ಹಾಗೆಯೇ ಅರ್ಧ ಗಂಟೆ ಉತ್ತರ ಕೊಟ್ಟು, ಮರದಿಂದ ಗುಡ್ಡದ ಆಚೆ ಬದಿಗೆ ಇಳಿದು, ನಿಜವಾದ ಹೆಣ್ಣುಗಳ ಜೊತೆ ಹೊರಟುಹೋಯಿತು.

ಅಷ್ಟೇ ಆಗಿದ್ದರೆ ಬೇಟೆಯಲ್ಲಿ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತಿದ್ದೆ. ಹತ್ತು ಗಂಟೆಯ ಸುಮಾರಿಗೆ ಹುಲ್ಲುಗಾವಲಿನ ಅಂಚಿನಲ್ಲಿ ಬಾಲ ಬಿಚ್ಚಿ ನಿಂತಿದ್ದ ಇನ್ನೊಂದು ಗಂಡು ಕಂಡಾಗ, ಮಾರ್ಗದರ್ಶಿ ತಮ್ಮ ಚೀಲದಿಂದ ಒಣಗಿಸಿದ ಟರ್ಕಿ ಬಾಲವನ್ನು ತೆಗೆದು, ಅದನ್ನು ಬೀಸಣಿಗೆಯಂತೆ ಮುಂದೆ ಹಿಡಿದುಕೊಂಡು ಅದರ ಮರೆಯಲ್ಲಿ ತೆವಳುತ್ತ ಹೋಗೋಣ ಎಂದರು. ಎದುರಾಳಿ ಗಂಡು ಬಂತೆಂದು ಹಕ್ಕಿ ಸಿಟ್ಟಿನಿಂದ ಓಡಿ ಬರುತ್ತದೆ ಎಂಬುದು ಈ ವಿಧಾನದ ತರ್ಕ, ಮತ್ತು ಅದು ಎಷ್ಟೋ ಸಲ ಫಲಿಸುತ್ತದೆ. ಆದರೆ ಗಂಡು ಟರ್ಕಿಯ ತಲೆಯ ಬಣ್ಣಗಳೆಂಬ ಕಾರಣಕ್ಕೆ ಕೆಂಪು, ಬಿಳಿ, ನೀಲಿಯ ಕರವಸ್ತ್ರವನ್ನೂ ಕಾಡಿಗೆ ಒಯ್ಯಬೇಡಿ ಎಂದು ಕಲಿಸುವ ಬೇಟೆಯಲ್ಲಿ, ನಾವೇ ಟರ್ಕಿಯ ವೇಷ ಹಾಕಿಕೊಂಡು ಇನ್ನೊಬ್ಬನ ಕೋವಿಯ ಎದುರು ತೆವಳುವುದು ಬುದ್ಧಿವಂತಿಕೆಯಲ್ಲ. ಕೆಲವು ರಾಜ್ಯಗಳು ಸಾರ್ವಜನಿಕ ಜಮೀನಿನಲ್ಲಿ ಈ ವಿಧಾನವನ್ನು ನಿಷೇಧಿಸಿಯೂ ಇವೆ. ನಾನು ಒಲ್ಲೆನೆಂದೆ. ಮಾರ್ಗದರ್ಶಿಯ ಮುಖ ಸಪ್ಪಗಾಯಿತು. ಇದು ನನ್ನ ಮೊದಲ ಆಕ್ಷೇಪ: ಹಣ ಕೊಟ್ಟವರಿಗೆ ಹೇಗಾದರೂ ಹಕ್ಕಿ ಸಿಗಲೇಬೇಕೆಂಬ ಅವಸರ ಆ ಸಂಸ್ಥೆಯಲ್ಲಿ ಇದೆ.

ಸಂಜೆ ಯಜಮಾನರಿಗೆ ವಿಷಯ ತಿಳಿಸಿದಾಗ ಅವರು ವಾದಕ್ಕೆ ಇಳಿಯದೆ ಮರುದಿನಕ್ಕೆ ಬೇರೊಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿದರು. ಬಂದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಮಾತು ಕಡಿಮೆ. ಕೈಯಲ್ಲಿದ್ದದ್ದು ಸ್ಲೇಟಿನ ಒಂದು ದುಂಡು ಬಿಲ್ಲೆ ಮತ್ತು ಮರದ ಕಡ್ಡಿ. ಬಿಲ್ಲೆಯನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿಕೊಂಡು, ಕಡ್ಡಿಯ ತುದಿಯನ್ನು ಎತ್ತದೆ ಪುಟ್ಟ ವೃತ್ತ ಎಳೆದರೆ ಹೆಣ್ಣಿನ ಕೂಗು. ನಿಧಾನವಾಗಿ ಎಳೆದರೆ ನೆಮ್ಮದಿಯ ಗುರುಗುಟ್ಟುವಿಕೆ. ಅವರು ಅರ್ಧ ಗಂಟೆಗೊಮ್ಮೆ ಎರಡು ಮೂರು ಸದ್ದು ಮಾಡಿದ್ದು ಬಿಟ್ಟರೆ, ಉಳಿದ ಹೊತ್ತೆಲ್ಲ ಬೆರಳಿನಿಂದ ತರಗೆಲೆ ಕೆದರುತ್ತ ಕುಳಿತರು, ಹೆಣ್ಣೊಂದು ಮೇಯುತ್ತಿದೆ ಎಂಬಂತೆ. ಒಂದು ಗಂಟೆ ದಾಟಿದ ಮೇಲೆ, ಒಂದು ಸಲವೂ ಕೂಗದೆ, ಗಂಡು ಹಕ್ಕಿ ಬಂತು. ಮೊದಲು ಕಿವಿಗೆ ಬಿದ್ದದ್ದು ಅದರ ಎದೆಯೊಳಗಿನ ಮಂದ ಝೇಂಕಾರ. ಕೇಳಿಸಿತು ಎನ್ನುವುದಕ್ಕಿಂತ ಮೈಗೆ ತಾಗಿತು ಎನ್ನಬೇಕು. ಅದರ ಕಣ್ಣು ಎಷ್ಟು ಚುರುಕೆಂದರೆ, ಅದರ ತಲೆ ಮರದ ಮರೆಗೆ ಹೋದ ಆ ಒಂದು ಕ್ಷಣದಲ್ಲಿ ಮಾತ್ರ ನಾನು ಕೋವಿ ಎತ್ತಬಹುದಿತ್ತು. ದೂರ ಇಪ್ಪತ್ತೆಂಟು ಹೆಜ್ಜೆ. ಒಂದೇ ಈಡಿಗೆ ಬಿತ್ತು. ತೂಕ ಇಪ್ಪತ್ತು ಪೌಂಡಿಗಿಂತ ತುಸು ಹೆಚ್ಚು. ಅಲ್ಲೇ ಪರವಾನಗಿಗೆ ಗುರುತು ಹಾಕಿ, ಅದೇ ದಿನ ಇಲಾಖೆಗೆ ಫೋನ್ ಮೂಲಕ ವರದಿ ಕೊಟ್ಟೆವು.

ಎರಡನೆಯ ಆಕ್ಷೇಪ ಹಕ್ಕಿಯನ್ನು ಶುಚಿಮಾಡುವ ಕೊಠಡಿಯದು. ಕೆಲಸದ ಹುಡುಗ ಎದೆಯ ಚರ್ಮವನ್ನು ಸೀಳಿ, ಎರಡು ಕಡೆಯ ಮಾಂಸವನ್ನು ಐದೇ ನಿಮಿಷದಲ್ಲಿ ಬಿಡಿಸಿ, ಉಳಿದದ್ದನ್ನು ಕಸದ ಡ್ರಮ್ಮಿನತ್ತ ಎಳೆದ. ತೊಡೆ, ಕಾಲು, ರೆಕ್ಕೆ, ಎಲುಬಿನ ಗೂಡು ಎಲ್ಲವೂ ಅದರಲ್ಲೇ. ನಾನು ತಡೆದಾಗ, ಕಾಲು ರಬ್ಬರಿನಂತಿರುತ್ತದೆ, ಯಾರೂ ಒಯ್ಯುವುದಿಲ್ಲ ಎಂದ. ಜಾಹೀರಾತಿನಲ್ಲಿ ಹಕ್ಕಿಯನ್ನು ಪ್ಯಾಕ್ ಮಾಡಿಕೊಡುತ್ತೇವೆ ಎಂದಿತ್ತೇ ಹೊರತು ಎದೆಯನ್ನು ಮಾತ್ರ ಎಂದು ಎಲ್ಲಿಯೂ ಇರಲಿಲ್ಲ. ಬೇಟೆಯಾಡಿದ ಮಾಂಸವನ್ನು ಅಂಗಡಿಯಲ್ಲಿ ಮಾರುವಂತಿಲ್ಲದ ದೇಶದಲ್ಲಿ, ಕಾಡು ಟರ್ಕಿಯ ಕಾಲನ್ನು ಡ್ರಮ್ಮಿಗೆ ಎಸೆದರೆ ಹಣ ಕೊಟ್ಟರೂ ಅದು ಮತ್ತೆ ಸಿಗುವುದಿಲ್ಲ.

ಆ ಹುಡುಗ ಅಂದು ಸಂಜೆಯ ಅಡುಗೆ ಪಾಠಕ್ಕೆ ಬರಬೇಕಿತ್ತು. ಪಾಠ ನಡೆಸಿದ ಅಡುಗೆಯಾಕೆ ಈ ಸೇವೆಯ ನಿಜವಾದ ಆಸ್ತಿ. ಅವರು ಆರಂಭಿಸಿದ್ದೇ ಹಕ್ಕಿಯ ಗಂಟಲಚೀಲವನ್ನು ಕೊಯ್ದು ತೋರಿಸುವುದರಿಂದ: ಒಳಗೆ ಎಳೆಯ ಹುಲ್ಲು, ಓಕ್ ಕಾಯಿಯ ಚೂರು, ಎರಡು ಜೀರುಂಡೆ. ಎದೆಯ ಮುಂಭಾಗದಲ್ಲಿ ಸ್ಪಂಜಿನಂತಿದ್ದ ಹಳದಿ ಕೊಬ್ಬನ್ನು ಕತ್ತರಿಸಿ ಬಿಸಾಡಿದರು. ಕೂಡುವ ಕಾಲದಲ್ಲಿ ಮೇವು ಬಿಟ್ಟು ಕುಣಿಯುವ ಗಂಡಿಗೆ ಅದೇ ಬುತ್ತಿಯಂತೆ, ನಮ್ಮ ನಾಲಿಗೆಗೆ ಮಾತ್ರ ಅದು ಒಗ್ಗದು. ಚರೆ ಹೊಕ್ಕ ಜಾಗವನ್ನು ಕೆದಕಿ, ಚರೆಯ ಜೊತೆ ಒಳನುಗ್ಗಿದ್ದ ಗರಿಯ ತುಣುಕುಗಳನ್ನು ಚಿಮಟದಿಂದ ತೆಗೆದರು. ಇದನ್ನು ಬಿಟ್ಟರೆ ಎಷ್ಟು ಚೆನ್ನಾಗಿ ಬೇಯಿಸಿದರೂ ಕವಟು ವಾಸನೆ ಉಳಿಯುತ್ತದೆ ಎಂದರು.

ಅಂಗಡಿಯ ಟರ್ಕಿಗೂ ಕಾಡಿನದಕ್ಕೂ ಇರುವ ಅಂತರ, ಫಾರಂ ಕೋಳಿಗೂ ನಾಟಿ ಕೋಳಿಗೂ ಇರುವಂಥದ್ದೇ. ಕೊಬ್ಬಿಲ್ಲ, ಸ್ನಾಯು ಬಿಗಿ, ರುಚಿ ಗಾಢ. ಹಾಗಾಗಿ ಇಡೀ ಹಕ್ಕಿಯನ್ನು ಓವನ್ನಿನಲ್ಲಿ ಹುರಿಯುವ ಹಬ್ಬದ ಪದ್ಧತಿ ಇದಕ್ಕೆ ಹೊಂದುವುದಿಲ್ಲ. ಕಾಲು ಬೇಯುವಷ್ಟರಲ್ಲಿ ಎದೆ ಮರದ ಪುಡಿಯಾಗುತ್ತದೆ. ಎದೆಗೆ ಅವರು ಹೇಳಿದ ಕ್ರಮ ಉಪ್ಪುನೀರಿನದು. ಲೀಟರ್ ನೀರಿಗೆ 50 ಗ್ರಾಂ ಉಪ್ಪು, ಸ್ವಲ್ಪ ಕಂದು ಸಕ್ಕರೆ, ಫ್ರಿಜ್ಜಿನಲ್ಲಿ ಒಂದು ರಾತ್ರಿ. ನಮ್ಮ ಪಾಠಕ್ಕಾಗಿ ಹಿಂದಿನ ದಿನವೇ ನೆನೆಸಿದ್ದ ಎದೆಯೊಂದನ್ನು ಎಳೆಗೆ ಅಡ್ಡಲಾಗಿ ಹೋಳು ಮಾಡಿ, ಕೊಡತಿಯಿಂದ ತಟ್ಟಿ, ಹಿಟ್ಟು, ಮೊಟ್ಟೆ, ಬ್ರೆಡ್ಡಿನ ಪುಡಿಯಲ್ಲಿ ಅದ್ದಿ, ಬೀಡುಕಬ್ಬಿಣದ ಬಾಣಲೆಯಲ್ಲಿ ಕರಿದರು. ಹೋಳಿನ ನಡುವೆ 165 ಡಿಗ್ರಿ ಫ್ಯಾರನ್‌ಹೀಟ್ ತಲುಪಿದ ಕ್ಷಣವೇ ಹೊರತೆಗೆಯಬೇಕು. ಅದಕ್ಕಿಂತ ಕಡಿಮೆಯಾದರೆ ಸುರಕ್ಷಿತವಲ್ಲ, ಹೆಚ್ಚಾದರೆ ಒಣಗುತ್ತದೆ.

ಕಾಲಿನ ಪಾಠಕ್ಕೆ ನನ್ನದೇ ಹಕ್ಕಿಯ, ಡ್ರಮ್ಮಿನಿಂದ ಉಳಿದ ಕಾಲುಗಳು ಒದಗಿದವು. ಕ್ರಮ ಇಲ್ಲಿ ತಿರುವುಮುರುವು: ಬೇಗ ಹೊರತೆಗೆಯುವುದಲ್ಲ, ಕಾಯುವುದು. ಕಾಲು ತೊಡೆಗಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಈರುಳ್ಳಿ, ಕ್ಯಾರೆಟ್, ಸೆಲರಿ, ಒಂದಿಷ್ಟು ಸಾರು ಹಾಕಿ, ಬಿಗಿಯಾದ ಮುಚ್ಚಳದ ಪಾತ್ರೆಯಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ನಾಲ್ಕು ಗಂಟೆ ಬಿಡಬೇಕು. ದಿನವಿಡೀ ನಡೆಯುವ ಹಕ್ಕಿಯ ಕಾಲಿನಲ್ಲಿರುವ ಗಟ್ಟಿ ಅಂಗಾಂಶ ಆ ನಿಧಾನದ ಶಾಖಕ್ಕೆ ಮಾತ್ರ ಕರಗಿ ಲೋಳೆಯಾಗುತ್ತದೆ. ಆಮೇಲೆ ಎಲುಬಿನಂತೆಯೇ ಗಟ್ಟಿಯಾಗಿರುವ ಕಡ್ಡಿಯಂಥ ಸ್ನಾಯುರಜ್ಜುಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಒಂದು ಕಾಲಿನಿಂದ ಎಂಟು ಹತ್ತು ಬರುತ್ತವೆ. ರಾತ್ರಿ ಹತ್ತೂವರೆಗೆ ತಿಂದ ಆ ಮಾಂಸ, ಎದೆಯ ಗರಿಗರಿ ಹೋಳುಗಳನ್ನು ಮರೆಸಿಬಿಟ್ಟಿತು. ಕಾಲು ಎಸೆಯುವ ಕೊಠಡಿಯೂ ಕಾಲು ಬೇಯಿಸುವ ಅಡುಗೆಮನೆಯೂ ಐವತ್ತು ಹೆಜ್ಜೆ ಅಂತರದಲ್ಲಿದ್ದೂ ಪರಸ್ಪರ ಮಾತಾಡದಿರುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ವಸತಿ ಸ್ವಚ್ಛ, ಹಾಸಿಗೆ ಗಟ್ಟಿ, ಕಾಫಿ ನೀರು. ಓಜಾರ್ಕಿನಲ್ಲಿ ರಕ್ತ ಹೀರುವ ಉಣ್ಣೆಹುಳುಗಳ ಕಾಟ ಹೆಚ್ಚು. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿಕೊಂಡು ಬನ್ನಿ ಎಂದು ಮೊದಲೇ ತಿಳಿಸಿದ್ದಕ್ಕೆ ಕೃತಜ್ಞತೆ ಹೇಳಬೇಕು. ಅಲ್ಲಿನ ಒಂದು ಜಾತಿಯ ಉಣ್ಣೆಹುಳು ಕಚ್ಚಿದರೆ ಕೆಲವರಿಗೆ ದನ, ಹಂದಿ, ಕುರಿ ಮಾಂಸದ ಅಲರ್ಜಿ ಹತ್ತಿಕೊಳ್ಳುತ್ತದೆ. ಹಕ್ಕಿಯ ಮಾಂಸಕ್ಕೆ ಆ ತೊಂದರೆಯಿಲ್ಲವೆಂದು ಊಟದ ಮೇಜಿನಲ್ಲಿ ನಗೆಚಾಟಿಕೆ ನಡೆಯಿತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಅಡುಗೆಯಾಕೆಗೆ, ಒಂದು ಹಿರಿಯ ಮಾರ್ಗದರ್ಶಿಗೆ, ಉಳಿದ ಅರ್ಧ ದೂರನ್ನು ಕೇಳಿಸಿಕೊಂಡ ಯಜಮಾನರಿಗೆ. ಮೂರೇ ದಿನದಲ್ಲಿ ಹಕ್ಕಿ ಖಾತರಿ ಬೇಕೆನ್ನುವವರಿಗೆ ಇದನ್ನು ಶಿಫಾರಸು ಮಾಡಲಾರೆ. ಮುಂದಿನ ಏಪ್ರಿಲ್‌ಗೆ ನಾನು ಮತ್ತೆ ಬುಕ್ ಮಾಡಿದ್ದೇನೆ. ಅರ್ಜಿಯಲ್ಲಿ ಮಾರ್ಗದರ್ಶಿಯ ಆಯ್ಕೆಗೆ ಹಿರಿಯರ ಹೆಸರನ್ನು ಬರೆದು, ಇತರ ಕೋರಿಕೆಗಳು ಎಂಬ ಖಾಲಿ ಜಾಗದಲ್ಲಿ ಕಾಲು, ತೊಡೆ, ರೆಕ್ಕೆ, ಎಲುಬಿನ ಗೂಡು ಎಂದು ದೊಡ್ಡಕ್ಷರದಲ್ಲಿ ಬರೆದಿದ್ದೇನೆ.