ಸುಟ್ಟ ಇಸಿಎಂ: ರಿಪೇರಿನಾ, ಗುಜರಿದಾ, ಹೊಸದಾ?

ಎರಡು ವರ್ಷದಲ್ಲಿ ಎರಡು ಸುಟ್ಟ ಇಸಿಎಂ, ಅಂದರೆ ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ನನ್ನ ಕೈಗೆ ಬಂದವು. ಒಂದು ನನ್ನದೇ ಕಾರಿನದು, ಇನ್ನೊಂದು ಸೇಡಂನಲ್ಲಿರುವ ಮಾವನ ಕಾರಿನದು. ಗುಜರಿ ಪೆಟ್ಟಿಗೆ, ಬೋರ್ಡ್ ರಿಪೇರಿ, ಹೊಸ ಪೆಟ್ಟಿಗೆ, ಮೂರಕ್ಕೂ ದುಡ್ಡು ಸುರಿದಿದ್ದೇನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಇನ್ವರ್ಟರ್ ರಿಪೇರಿ ಅಂಗಡಿ. ಸೋಲ್ಡರಿಂಗ್ ಐರನ್ ಹಿಡಿಯೋದು ಹೊಸದಲ್ಲ. ಆದರೂ ಕಾರಿನ ಬೋರ್ಡ್ ನನ್ನನ್ನು ಚೆನ್ನಾಗಿಯೇ ಆಡಿಸಿತು.

ಮೊದಲು ನನ್ನ ಗಾಡಿ. ಹುಮನಾಬಾದ್‌ನಿಂದ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸಿದ್ದೆ. ಮತ್ತೆ ಸ್ಟಾರ್ಟ್ ಮಾಡಿದರೆ ಇಡೀ ಗಾಡಿ ನಡುಗುತ್ತಿದೆ. ನಾಲ್ಕರಲ್ಲಿ ಮೂರೇ ಸಿಲಿಂಡರ್ ಓಡುತ್ತಿವೆ. ಸ್ಕ್ಯಾನರ್ ಹಾಕಿದರೆ ಎರಡು ಕೋಡ್: ಪಿ0303, ಪಿ0353. ಮೊದಲನೆಯದು ಮೂರನೇ ಸಿಲಿಂಡರ್ ಮಿಸ್ಸಿಂಗ್ ಅಂತ, ಎರಡನೆಯದು ಅದಕ್ಕೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಸರ್ಕ್ಯೂಟ್ ಅಂತ.

ಮಿಸ್ತ್ರಿ ಹೊಸ ಕಾಯಿಲ್ ಹಾಕಿದ. ಹತ್ತು ನಿಮಿಷಕ್ಕೆ ಅದನ್ನು ಮುಟ್ಟಲು ಆಗದಷ್ಟು ಬಿಸಿ. "ಇದೂ ಸುಟ್ಟಾದ ನೋಡ್ರಿ ಅಣ್ಣಾ, ಇಸಿಎಂನೇ ಹೋಗ್ಯಾದ" ಅಂದ.

ಆತ ಹೇಳಿದ್ದು ಖರೆ, ಆದರೆ ಅರ್ಧ. ನಾನು ಕಾಯಿಲ್ ಕನೆಕ್ಟರ್ ಬಿಚ್ಚಿ ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಇಸಿಎಂನಿಂದ ಬರುವ ವೈರಿಗೆ ಕೊಟ್ಟೆ. ಸೆಲ್ಫ್ ಹೊಡೆದಾಗ ಲ್ಯಾಂಪ್ ಮಿಣುಕಬೇಕು. ಉಳಿದ ಮೂರರಲ್ಲಿ ಮಿಣುಕಿತು. ಮೂರನೆಯದರಲ್ಲಿ ಸುಮ್ನೆ ಉರಿಯುತ್ತಲೇ ಇತ್ತು. ಅಂದರೆ ಬೋರ್ಡಿನಲ್ಲಿ ಆ ಕಾಯಿಲಿಗೆ ನೆಲ (ಮೈನಸ್) ಕೊಡುವ ಡ್ರೈವರ್, ಅಂದರೆ ಸ್ವಿಚ್‌ನಂಥ ಪಾರ್ಟ್, ಶಾರ್ಟ್ ಆಗಿದೆ. ಕಾಯಿಲಿಗೆ ಕರೆಂಟ್ ನಿಲ್ಲುವುದೇ ಇಲ್ಲ, ಅದಕ್ಕೇ ಹೊಸದೂ ಸುಟ್ಟಿತು. ಆ ಡ್ರೈವರನ್ನು ಕೊಂದಿದ್ದು ಬಹುಶಃ ಹಳೇ ಕಾಯಿಲ್. ಹಳೇ ಕಾಯಿಲ್ ಡ್ರೈವರನ್ನು ಸುಡುತ್ತೆ, ಸುಟ್ಟ ಡ್ರೈವರ್ ಹೊಸ ಕಾಯಿಲನ್ನು ಸುಡುತ್ತೆ. ಎರಡನ್ನೂ ಒಟ್ಟಿಗೇ ಬದಲಿಸದಿದ್ದರೆ ಈ ಸುತ್ತು ಮುಗಿಯಲ್ಲ.

ಬೋರ್ಡ್ ಬಿಚ್ಚಲು ಆಗ ಧೈರ್ಯ ಬರಲಿಲ್ಲ. ಮಿಸ್ತ್ರಿ ಮಾತು ಕೇಳಿ ಮೊದಲು ಗುಜರಿ ದಾರಿ ಹಿಡಿದೆ. ಹೈದರಾಬಾದಿನಿಂದ ಹಳೇ ಪೆಟ್ಟಿಗೆ ತಂದೆ, 6,500 ರೂಪಾಯಿ. ಹಾಕಿ ಕೀ ತಿರುಗಿಸಿದರೆ ಒಂದು ಸೆಕೆಂಡ್ ಓಡಿ ಆಫ್, ಡ್ಯಾಶ್‌ಬೋರ್ಡಿನಲ್ಲಿ ಕೀ ಲೈಟ್ ಮಿಣುಕು. ಇಮ್ಮೊಬಿಲೈಜರ್, ಕಳ್ಳತನ ತಡೆಯುವ ಬೀಗ. ಆ ಪೆಟ್ಟಿಗೆಗೆ ನನ್ನ ಕೀಯ ಗುರುತೇ ಇಲ್ಲ. ನನ್ನ ಬೋರ್ಡಿನಲ್ಲಿ ಕೀಯ ಗುರುತು ಇರುವುದು ಈಪ್ರಾಮ್ ಅನ್ನೋ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್‌ನಲ್ಲಿ. ಹಳೇ ಬೋರ್ಡಿನಿಂದ ಅದನ್ನೇ ಕಿತ್ತು ಇದಕ್ಕೆ ಕೂರಿಸಿದೆ. ಗಾಡಿ ಸ್ಟಾರ್ಟ್ ಆಯ್ತು, ನಾಲ್ಕೂ ಸಿಲಿಂಡರ್. ಎಲ್ಲ ಗಾಡಿಗೂ ಈ ಆಟ ನಡೆಯಲ್ಲ. ಎಷ್ಟೋ ಇಸಿಎಂಗಳಲ್ಲಿ ಆ ಮಾಹಿತಿ ಪ್ರೊಸೆಸರ್ ಒಳಗೇ ಇರುತ್ತೆ. ಅದನ್ನು ನಕಲು ಮಾಡಲು ಬೇರೆ ಟೂಲ್ ಬೇಕು, ಅದು ಇರುವವರ ಹತ್ತಿರವೇ ಹೋಗಬೇಕು.

ಖುಷಿ ಜಾಸ್ತಿ ಹೊತ್ತು ಇರಲಿಲ್ಲ. ಎಸಿ ಒತ್ತಿದೆ, ಬ್ಲೋವರ್ ಮಾತ್ರ ತಿರುಗಿತು. ಕಂಪ್ರೆಸರ್ ಎಳೆಯಲೇ ಇಲ್ಲ. ಪೆಟ್ಟಿಗೆಯ ಲೇಬಲ್ ನೋಡಿದರೆ ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ. ಎಸಿ ಇಲ್ಲದ ಮಾಡೆಲ್‌ನದು. ಮೇ ತಿಂಗಳು, ಕಲಬುರಗಿ, 43 ಡಿಗ್ರಿ. ಹೆಂಡತಿ ಗಾಡಿ ಹತ್ತಲು ಒಪ್ಪಲಿಲ್ಲ. ಗುಜರಿ ತರುವುದಾದರೆ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ ತನ್ನಿ. ಬರೀ ಕನೆಕ್ಟರ್ ಕೂತಿತು ಅಂತ ನಂಬಬೇಡಿ.

ಕೊನೆಗೆ ನನ್ನ ಬೋರ್ಡನ್ನೇ ಬಿಚ್ಚಿದೆ. ಮುಚ್ಚಳ ಸಿಲಿಕೋನ್ ಗಮ್ಮಿನಲ್ಲಿ ಅಂಟಿರುತ್ತೆ. ಹಾಟ್ ಏರ್ ಬಿಸಿ ಕೊಡುತ್ತಾ ಬ್ಲೇಡ್ ಓಡಿಸಿ ಅರ್ಧ ಗಂಟೆಯಲ್ಲಿ ತೆಗೆದೆ. ಸಾಲಾಗಿ ನಾಲ್ಕು ಡ್ರೈವರ್, ಮೇಲೆ ವಿ3040ಡಿ ಅಂತ ಬರಹ. ಇಗ್ನಿಷನ್‌ಗೆಂದೇ ಮಾಡಿದ ಐಜಿಬಿಟಿ ಅನ್ನೋ ಟ್ರಾನ್ಸಿಸ್ಟರ್, 400 ವೋಲ್ಟಿನವು. ಮೂರನೆಯದರ ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ತೂತು, ಸುತ್ತ ಕಂದು ಕಲೆ. ಮೀಟರನ್ನು ಬೀಪ್‌ನಲ್ಲಿಟ್ಟು ಮುಟ್ಟಿಸಿದೆ. ಮೂರು ಸುಮ್ಮನಿದ್ದವು, ಇದು ಮಾತ್ರ ಕೂಗಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆನ್‌ಲೈನಿನಲ್ಲಿ 45 ರೂಪಾಯಿಗೆ ಸಿಕ್ಕ ಡ್ರೈವರ್ ತರಿಸಿ ಹಾಕಿದೆ. ಜೊತೆಗೆ ಕಾಯಿಲೂ ಹೊಸದು. ನಾಲ್ಕನೇ ದಿನ ಮತ್ತೆ ಮಿಸ್ಸಿಂಗ್. ಸಿಟ್ಟಿಗೆ ಎರಡನ್ನೂ ಕಟ್ಟರಿನಲ್ಲಿ ಒಡೆದು ನೋಡಿದೆ. ಕಂಪನಿಯಿಂದ ಬಂದಿದ್ದ ಹಳೆಯದರ ಒಳಗೆ ಸಿಲಿಕಾನ್ ತುಣುಕು ಕೆಳಗಿನ ತಾಮ್ರದ ಹಾಸನ್ನು ಹೆಚ್ಚುಕಮ್ಮಿ ತುಂಬಿತ್ತು. 45 ರೂಪಾಯಿಯದರಲ್ಲಿ ಅದರ ಅರ್ಧವೂ ಇಲ್ಲ, ಮೇಲೆ ಮಾತ್ರ ಅದೇ ನಂಬರ್! ಮುಂದಿನ ಸಲ ಹೈದರಾಬಾದಿಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಹುಡುಕಿ, ಒಂದಕ್ಕೆ 220 ಕೊಟ್ಟು ತಂದೆ.

ಹಾಕುವಾಗ ಬೆಸುಗೆಯೇ ದೊಡ್ಡ ತಲೆನೋವು. ಡ್ರೈವರ್ ಕೆಳಗಿನ ತಾಮ್ರ ಬಿಸಿಯನ್ನೆಲ್ಲ ಕುಡಿಯುತ್ತೆ. ಮೇಲಿಂದಷ್ಟೇ ಗಾಳಿ ಬಿಟ್ಟರೆ ಪಕ್ಕದ ಸಣ್ಣ ಪಾರ್ಟ್‌ಗಳು ಜಾರಿ ಹೋಗುತ್ತವೆ, ಡ್ರೈವರ್ ಅಲ್ಲಾಡಲ್ಲ. ಬೋರ್ಡಿನಲ್ಲಿದ್ದ ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ನಮ್ಮ ಅಂಗಡಿಯ 63/37 ತವರ-ಸೀಸದ ತಂತಿಗೆ 183 ಸಾಕು. ಮೊದಲು ಬೋರ್ಡನ್ನು ಕೆಳಗಿನಿಂದ ಕಾಯಿಸಿ, ಹಳೇ ಬೆಸುಗೆಗೆ ಇದನ್ನು ಬೆರೆಸಿ ಆಮೇಲೆ ಎತ್ತಿದೆ, ಸಲೀಸಾಗಿ ಬಂತು. ಮೊದಲೇ ಬೋರ್ಡಿನ ಮೇಲಿನ ಪಾರದರ್ಶಕ ಪದರವನ್ನು ಕೆರೆದಿರಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯಲ್ಲ. ಈಪ್ರಾಮ್ ಚಿಪ್ಪನ್ನು ಮತ್ತೆ ತನ್ನ ಮನೆಗೆ ಕಳಿಸಿದೆ. ಕಾಯಿಲನ್ನೂ ಮತ್ತೆ ಬದಲಿಸಿದೆ, ನಕಲಿ ಡ್ರೈವರ್ ಅದನ್ನು ಬಿಟ್ಟಿರುತ್ತೆ ಅಂತ ನಂಬಿಕೆ ಇರಲಿಲ್ಲ. ಆಗಿ 14 ತಿಂಗಳಾಯ್ತು, ಎಸಿ ಸಮೇತ ಓಡುತ್ತಿದೆ.

ಇಷ್ಟು ಓದಿ ನೇರ ಬ್ಲೇಡ್ ಹಿಡಿಯಬೇಡಿ. ಕೆಲವು ಪೆಟ್ಟಿಗೆ ತೆರೆದರೆ ಹಸಿರು ಬೋರ್ಡ್ ಇರಲ್ಲ. ಸೆರಾಮಿಕ್ ಬಿಲ್ಲೆ, ಮೇಲೆ ಜೆಲ್, ಅದರೊಳಗೆ ಕೂದಲಿನಂಥ ತಂತಿಗಳು. ಬೆರಳು ತಾಗಿದರೆ ಮುಗೀತು. ಅಂಥದ್ದು ನನ್ನ ಕೈಯಲ್ಲಾಗುವ ಕೆಲಸವಲ್ಲ.

ಇನ್ನು ಮಾವನ ಗಾಡಿ. ಬ್ಯಾಟರಿ ಕೂತಿತ್ತು ಅಂತ ಟ್ರ್ಯಾಕ್ಟರ್ ಬ್ಯಾಟರಿಯಿಂದ ಕೇಬಲ್ ಕೊಟ್ಟಿದ್ದಾರೆ, ಪ್ಲಸ್ ಮೈನಸ್ ಉಲ್ಟಾ. ಇಂಥ ತಪ್ಪಿಗೆಂದೇ ಆ ಬೋರ್ಡಿನಲ್ಲಿ ಒಂದು ಡಯೋಡ್ ಇತ್ತು. ಅದು ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸಬೇಕು. ಆದರೆ ಫ್ಯೂಸ್ ಬಾಕ್ಸ್ ತೆರೆದರೆ ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದೆ! "ಮಾವ, ಇದ್ಯಾರು ಹಾಕಿದ್ರು?" ಅಂದರೆ, "ಹ್ವಾದ ವರ್ಷ ಗಾಡಿ ನಿಂತಿತ್ತಲ್ಲೋ, ಆಗ ಒಬ್ಬಾವ ಹಾಕಿ ಕೊಟ್ಟಾನ, ಛಲೋನೇ ಓಡ್ಲಾಕತ್ತಿತ್ತು" ಅಂದರು. ಎಳೆ ಉಳಿಯಿತು, ಬೋರ್ಡಿನ ಟ್ರ್ಯಾಕ್ ಇದ್ದಿಲಾಯಿತು.

ಡಯೋಡ್, 5 ವೋಲ್ಟ್ ರೆಗ್ಯುಲೇಟರ್ ಬದಲಿಸಿದೆ. ಸುಟ್ಟ ಟ್ರ್ಯಾಕಿನ ಮೇಲೆ ವೈರ್ ಹಾಯಿಸಿದೆ. ಗಾಡಿ ಓಡಿತು, ಹನ್ನೊಂದು ದಿನ. ಆಮೇಲೆ ಸೆನ್ಸರ್‌ಗಳ 5 ವೋಲ್ಟ್ ಒಮ್ಮೆ ಇರುತ್ತೆ, ಒಮ್ಮೆ ಇರಲ್ಲ. ಬೋರ್ಡಿನ ಒಳಪದರ ಕರಿ ಹಿಡಿದಿತ್ತು. ಇದ್ದಿಲಿನಲ್ಲಿ ಕರೆಂಟ್ ಹರಿಯುತ್ತೆ, ಮೇಲೆ ಎಷ್ಟು ತೇಪೆ ಹಾಕಿದರೂ ಅಷ್ಟೇ. ಅದೇ ನಂಬರಿನ ಗುಜರಿ ಸಿಗಲಿಲ್ಲ. ಹೊಸದಕ್ಕೆ ಎರಡೂ ಕೀ ಕೋಡಿಂಗ್ ಸೇರಿ 36,000 ಆಯ್ತು, ಹದಿನಾರು ದಿನ ಕಾಯಬೇಕಾಯ್ತು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹಾಕಿದರು, ಓಡಿತು. ಹಾಕುವ ಮುಂಚೆ ನಾನೇ ನಿಂತು ಸರಿಯಾದ ಫ್ಯೂಸ್ ಹಾಕಿಸಿದೆ. ಓಡಿದ ಮೇಲೆ ಚಾರ್ಜಿಂಗ್ ವೋಲ್ಟೇಜ್ ನೋಡಿದೆ: 14.2, ಸರಿ ಇತ್ತು. 15 ದಾಟಿದ್ದರೆ ಗಾಡಿಯನ್ನು ಆಲ್ಟರ್ನೇಟರ್ ರಿಪೇರಿಗೇ ಬಿಡುತ್ತಿದ್ದೆ.

ಈಗ ಯಾರಾದರೂ ಕೇಳಿದರೆ: ಒಂದೇ ಡ್ರೈವರ್ ಹೋಗಿದ್ದರೆ ರಿಪೇರಿ. ನೀರು ನುಗ್ಗಿದ್ದರೆ, ಪ್ರೊಸೆಸರ್ ಹೋಗಿದ್ದರೆ, ನಂಬರ್ ಹೊಂದುವ ಗುಜರಿ. ಮಾವನ ಗಾಡಿಯಂಥದ್ದಕ್ಕೆ ರಿಪೇರಿಗೆ ಕೈ ಹಾಕದೆ ಹೊಸದೇ ಹಾಕಿಸುತ್ತೇನೆ, ಹನ್ನೊಂದೇ ದಿನ ಬಾಳುವ ರಿಪೇರಿಯ ದುಡಿಮೆ ಉಳಿಯುತ್ತೆ.

ನಾನು ತಂದ ಗುಜರಿ ಪೆಟ್ಟಿಗೆ ಈಗಲೂ ಅಂಗಡಿಯ ಮೇಲಿನ ಹಲಗೆಯಲ್ಲಿದೆ, ಅದರ ಸ್ವಂತ ಚಿಪ್ ಪಕ್ಕದಲ್ಲೇ ಬೆಂಕಿಪೊಟ್ಟಣದಲ್ಲಿ. ಇಬ್ಬರು ಬಂದು ಕೇಳಿದರು. ಎಸಿ ಇಲ್ಲದ ಗಾಡಿ ಇದ್ದರೆ ಒಯ್ಯಿರಿ ಅಂದೆ. ಇಬ್ಬರೂ ಹೊರಗಿನ ಬಿಸಿಲು ನೋಡಿ ಹೊರಟು ಹೋದರು.