ಕಾರ್ಗೋ-ಹ್ಯಾಕ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೈಬ್ರರಿ ಬರೆಯುವವರೆಲ್ಲ ಕಾರ್ಗೋ-ಹ್ಯಾಕ್ ಹಾಕಿಕೊಳ್ಳಲೇಬೇಕು. ರಸ್ಟ್‌ನ ಬಿಲ್ಡ್ ಟೂಲ್ ಆದ ಕಾರ್ಗೋ ಜೊತೆ ಸೇರಿಸಿಕೊಳ್ಳುವ ಇದು, ಬೇಕಾದರೆ ಹಾಕಿಕೊಳ್ಳುವ ಭಾಗಗಳನ್ನು (ಫೀಚರ್) ಬೇರೆಬೇರೆ ರೀತಿ ಜೋಡಿಸಿ ಲೈಬ್ರರಿ ಬಿಲ್ಡ್ ಆಗುತ್ತದೆಯೇ ಅಂತ ನೋಡುತ್ತದೆ. ತುಮಕೂರಿನ ನಮ್ಮ ಆಫೀಸಿನಲ್ಲಿ ಇದರ ಕಣ್ಣು ತಪ್ಪಿಸಿ ಯಾವ ರಿಲೀಸೂ ಹೊರಗೆ ಹೋಗುವುದಿಲ್ಲ.

ನಮ್ಮದು ಸೋಲಾರ್ ಇನ್ವರ್ಟರ್‌ಗಳ ರೀಡಿಂಗನ್ನು ಮಾಡ್‌ಬಸ್ (ಯಂತ್ರಗಳು ಮಾತಾಡಿಕೊಳ್ಳುವ ಪ್ರೋಟೋಕಾಲ್) ಮೂಲಕ ಓದುವ ಲೈಬ್ರರಿ. ಪಾವಗಡದ ಬಿಸಿಲಲ್ಲಿ ಕೂತ ಪುಟ್ಟ ಬೋರ್ಡಿನಲ್ಲೂ ಅದೇ ಕೋಡ್, ಇಲ್ಲಿನ ಸರ್ವರ್‌ನಲ್ಲೂ ಅದೇ ಕೋಡ್. ಹಾಗಾಗಿ ಎಂಟು ಫೀಚರ್‌ಗಳಿವೆ. ಪ್ರತಿಯೊಂದನ್ನೂ ಹಾಕಬಹುದು, ಬಿಡಬಹುದು. ಅಲ್ಲಿಗೆ 256 ಬಗೆಯ ಬಿಲ್ಡ್ ಆಯ್ತು. ದಿನಾ ನಾವು ಮಾಡುವುದು ಅದರಲ್ಲಿ ಎರಡೋ ಮೂರೋ. ಉಳಿದವು ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಸೈಟಿಗೆ ಹೋದ ಮೇಲೆ ಗೊತ್ತಾದರೆ ಇಡೀ ದಿನ ಹಾಳು, ಪಾವಗಡ ಇಲ್ಲಿಂದ ಹತ್ತಿರವೇನಲ್ಲ ಅಲ್ವಾ.

‘ಫೀಚರ್-ಪವರ್‌ಸೆಟ್’ ಅಂತ ಕೊಟ್ಟರೆ ಎಲ್ಲ ಜೋಡಣೆಗಳನ್ನೂ ಒಂದಾದ ಮೇಲೊಂದು ಚೆಕ್ ಮಾಡುತ್ತದೆ. ‘ಡೆಪ್ತ್ 2’ ಸೇರಿಸಿದರೆ ಒಂದೊಂದು, ಎರಡೆರಡು ಫೀಚರ್‌ಗಳ ಜೋಡಣೆ ಮಾತ್ರ. ನಮ್ಮಲ್ಲಿ ಅದು 40ರ ಆಸುಪಾಸಿಗೆ ಇಳಿಯುತ್ತದೆ. ನಮಗೆ ಸಿಕ್ಕ ತೊಂದರೆಗಳಲ್ಲಿ ಹೆಚ್ಚಿನವು ಎರಡು ಫೀಚರ್‌ಗಳ ನಡುವಿನವೇ. ವರ್ಕ್‌ಸ್ಪೇಸ್‌ನ, ಅಂದರೆ ಒಟ್ಟಿಗೆ ಇಟ್ಟ ಪ್ಯಾಕೇಜ್‌ಗಳ ಗುಂಪಿನ, ಪ್ರತಿ ಕ್ರೇಟನ್ನೂ (ಪ್ಯಾಕೇಜನ್ನೂ) ಬೇರೆಬೇರೆಯಾಗಿ ಓಡಿಸುವುದು ಇನ್ನೊಂದು ದೊಡ್ಡ ಉಪಕಾರ. ಒಟ್ಟಿಗೆ ಬಿಲ್ಡ್ ಮಾಡಿದರೆ ಪಕ್ಕದ ಕ್ರೇಟ್ ಕೇಳಿದ ಫೀಚರ್ ನಮಗೂ ಬಂದುಬಿಡುತ್ತದೆ, ನಮ್ಮ ಕೊರತೆ ಮುಚ್ಚಿಹೋಗುತ್ತದೆ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಲ್ಯಾಪ್‌ಟಾಪಿನಲ್ಲಿ ಎಲ್ಲ ಪಾಸಾಯಿತು ಅಂತ ನಂಬಬೇಡಿ. ಡೇಟಾದ ರೂಪ ಬದಲಿಸಲು ಬಳಸುವ ‘ಸರ್ಡೆ’ ಕ್ರೇಟಿನ ಡೀಫಾಲ್ಟ್ ಫೀಚರ್‌ಗಳನ್ನು ಆಫ್ ಮಾಡದಿದ್ದರೆ ಅದು ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಜೊತೆಗೆ ಎಳೆದುಕೊಂಡು ಬರುತ್ತದೆ. ಪುಟ್ಟ ಬೋರ್ಡಿನಲ್ಲಿ ಆ ಲೈಬ್ರರಿ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದೇ ಇರುತ್ತದೆ, ಎರರ್ ಎಲ್ಲಿಂದ ಬರಬೇಕು? ಪುಟ್ಟ ಬೋರ್ಡಿನ ಚಿಪ್ ಆದ ಕಾರ್ಟೆಕ್ಸ್-ಎಂ ಅನ್ನು ಟಾರ್ಗೆಟ್ ಆಗಿ ಕೊಟ್ಟು, ‘ಎಕ್ಸ್‌ಕ್ಲೂಡ್-ಫೀಚರ್ಸ್’ನಲ್ಲಿ ‘ಎಸ್‌ಟಿಡಿ’ (ಸ್ಟ್ಯಾಂಡರ್ಡ್ ಲೈಬ್ರರಿ) ಮತ್ತು ‘ಡೀಫಾಲ್ಟ್’ ಎರಡನ್ನೂ ಹಾಕಿ ಇನ್ನೊಮ್ಮೆ ಓಡಿಸಿ. ಆಗ ಬಣ್ಣ ಬಯಲಾಗುತ್ತದೆ.

ಬೇಸರದ ಸಂಗತಿಯೂ ಇದೆ. ಟೆಸ್ಟಿಗಷ್ಟೇ ಬೇಕಾದಂಥ ಕ್ರೇಟ್‌ಗಳನ್ನು ಬಿಟ್ಟು ಚೆಕ್ ಮಾಡಲು ‘ನೋ-ಡೆವ್-ಡೆಪ್ಸ್’ ಕೊಟ್ಟರೆ ಓಡುವಷ್ಟು ಹೊತ್ತು ಪ್ರಾಜೆಕ್ಟಿನ ಸೆಟ್ಟಿಂಗ್ ಇರುವ ನಿಜವಾದ ಕಾರ್ಗೋ.ಟಾಮಲ್ ಫೈಲನ್ನೇ ತಿದ್ದಿ, ಕೊನೆಗೆ ಮೊದಲಿನಂತೆ ಮಾಡುತ್ತದೆ. ಆ ಹೊತ್ತಿನಲ್ಲಿ ಎಡಿಟರ್‌ನಲ್ಲಿ ಆ ಫೈಲ್ ಮುಟ್ಟಬಾರದು. ಬಿಲ್ಡ್ ಮಾಡಿದ್ದೆಲ್ಲ ಸೇರುವ ಟಾರ್ಗೆಟ್ ಫೋಲ್ಡರ್ ಕೂಡ ಬೇಗ ಊದಿಕೊಳ್ಳುತ್ತದೆ.

ನಾವು ಪ್ರತಿ ಪ್ಯಾಚ್‌ಗೆ ಡೆಪ್ತ್ 2 ಇಟ್ಟುಕೊಂಡಿದ್ದೇವೆ. ರಿಲೀಸ್‌ಗೆ ಮುಂಚೆ ರಾತ್ರಿ ಪೂರ್ತಿ 256ನ್ನೂ ‘ಕೀಪ್-ಗೋಯಿಂಗ್’ ಹಾಕಿ ಬಿಡುತ್ತೇವೆ. ಒಂದು ಫೇಲಾದರೆ ಅಲ್ಲೇ ನಿಲ್ಲದೆ, ಫೇಲಾದ ಅಷ್ಟೂ ಜೋಡಣೆಗಳ ಪಟ್ಟಿ ಬೆಳಗ್ಗೆ ಒಟ್ಟಿಗೆ ಸಿಗುತ್ತದೆ.